ಬೋರ್ಡ್ ಬರೆಸುವ ಮುನ್ನ: ಮೈಸೂರು, ಮಂಡ್ಯದ ನಾಮಫಲಕದ ಕೆಲಸಕ್ಕೆ ಎಷ್ಟು ಅಂಕ?

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ ಬಂದ ಮೇಲೆ ಮೈಸೂರಿನ ಬೋರ್ಡ್ ಅಂಗಡಿಗಳಿಗೆ ಕೈತುಂಬ ಕೆಲಸ. ಹಳೆಯದನ್ನು ಇಳಿಸಿ ಹೊಸದನ್ನು ಏರಿಸುವುದು ನಡೆದೇ ಇದೆ. ಹೊಸ ಬೋರ್ಡ್‌ಗಳನ್ನು ಟೇಪು ಹಿಡಿದು ಅಳೆದರೆ ಬಹುಪಾಲು ಪಾಸು. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಓದಿದರೆ ಮಾತ್ರ ಅರ್ಧಕ್ಕರ್ಧ ಫೇಲು. ಜಾಗ ಕನ್ನಡಕ್ಕೆ ಸಿಕ್ಕಿದೆ, ಕಣ್ಣು ಮಾತ್ರ ಮೊದಲು ಇಂಗ್ಲಿಷಿನ ಮೇಲೆ ಹೋಗುತ್ತದೆ. ತಪ್ಪು ಅಂಗಡಿ ಮಾಲೀಕರ ಮನಸ್ಸಿನದಲ್ಲ, ಬಹುತೇಕ ಅಕ್ಷರದ ಕೆಲಸದ್ದು. ಹಾಗಾಗಿ ಮೈಸೂರು, ಮಂಡ್ಯಗಳಲ್ಲಿ ಈ ಸೇವೆ ಹೇಗೆ ಸಿಗುತ್ತಿದೆ, ಎಲ್ಲಿ ಕೆಡುತ್ತಿದೆ, ದುಡ್ಡು ಕೊಡುವವರು ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ನಿಯಮ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರದು. 2024ರ ತಿದ್ದುಪಡಿಯ ಪ್ರಕಾರ ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಅನುಮತಿ ಪಡೆದು ನಡೆಯುವ ಅಂಗಡಿ, ಕೈಗಾರಿಕೆ, ಆಸ್ಪತ್ರೆ, ಲ್ಯಾಬ್, ಹೋಟೆಲ್ ಇವುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಆ ಕನ್ನಡ ಫಲಕದ ಮೇಲ್ಭಾಗದಲ್ಲಿ ಇರಬೇಕು. ತಪ್ಪಿದರೆ ಮೊದಲ ಬಾರಿಗೆ 5,000 ರೂಪಾಯಿವರೆಗೆ ದಂಡ, ಎರಡನೆಯ ಬಾರಿಗೆ 10,000, ಆಮೇಲೆ 20,000 ಮತ್ತು ಪರವಾನಗಿಗೇ ಸಂಚಕಾರ. ಬೋರ್ಡ್ ಅಂಗಡಿಯವರು ಇದನ್ನು ಜಾಗದ ಲೆಕ್ಕವಾಗಿ ಹಿಡಿಯುತ್ತಾರೆ: ಮೂರಡಿ ಎತ್ತರದ ಬೋರ್ಡ್ ಆದರೆ ಮೇಲಿನ ಒಂದು ಅಡಿ ಒಂಬತ್ತೂವರೆ ಇಂಚು ಕನ್ನಡಕ್ಕೆ, ಉಳಿದದ್ದು ಇಂಗ್ಲಿಷಿಗೆ. ಲೆಕ್ಕ ಸರಿ. ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ.

ಇದೇ ವಿಷಯವನ್ನು ಬ್ರಿಟನ್ನಿನ ವೇಲ್ಸ್‌ನವರು ಇನ್ನೊಂದು ಕಡೆಯಿಂದ ಹಿಡಿದಿದ್ದಾರೆ. ಅಲ್ಲಿನ ವೆಲ್ಷ್ ಭಾಷೆಗೆ 2011ರ ಕಾಯ್ದೆ ಅಧಿಕೃತ ಸ್ಥಾನ ಕೊಟ್ಟಿತು. 2012ರಿಂದ ಅದಕ್ಕೊಬ್ಬ ಭಾಷಾ ಆಯುಕ್ತರಿದ್ದಾರೆ. 2015ರ ನಿಯಮಾವಳಿಯಡಿ ಕೌನ್ಸಿಲ್‌ಗಳು, ಅಂದರೆ ಅಲ್ಲಿನ ಸ್ಥಳೀಯ ಸಂಸ್ಥೆಗಳು, ಹೊಸದಾಗಿ ಹಾಕುವ ಫಲಕಗಳಲ್ಲಿ ವೆಲ್ಷ್ ಬರಹ ಮೊದಲು ಓದಿಗೆ ಸಿಗುವ ಜಾಗದಲ್ಲಿರಬೇಕು, ಇಂಗ್ಲಿಷಿಗಿಂತ ಕಡಿಮೆಯಾಗಿ ಕಾಣಿಸಬಾರದು. ಶೇಕಡಾವಾರು ಮಾತೇ ಇಲ್ಲ. ಪಾಲಿಸದ ಸಂಸ್ಥೆಯ ಮೇಲೆ ಆಯುಕ್ತರು ತನಿಖೆ ನಡೆಸಿ 5,000 ಪೌಂಡ್‌ವರೆಗೆ ದಂಡ ಹಾಕಬಹುದು. ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ಅಲ್ಲಿ ಕಟ್ಟುಪಾಡು ಮುಖ್ಯವಾಗಿ ಸಾರ್ವಜನಿಕ ಸಂಸ್ಥೆಗಳಿಗೆ, ಬೀದಿಬದಿಯ ಅಂಗಡಿಯವನು ತನ್ನಿಷ್ಟದಂತೆ ಬರೆಸಬಹುದು. ನಮ್ಮಲ್ಲಿ ಸರ್ಕಾರಿ ಕಚೇರಿಯ ಬೋರ್ಡು ಹೇಗೂ ಕನ್ನಡದಲ್ಲೇ ಇರುತ್ತದೆ, ಬಿಸಿ ತಟ್ಟುವುದು ಅಂಗಡಿಗೆ. ಅಂದಮೇಲೆ ಭಾಷಾ ಕಾನೂನು ಕೊನೆಗೆ ಜಾರಿಗೆ ಬರುವುದು ಬೋರ್ಡ್ ವರ್ಕ್‌ಶಾಪಿನ ಕಂಪ್ಯೂಟರಿನ ಮುಂದೆ, ಕೋರೆಲ್‌ಡ್ರಾ ಎಂಬ ವಿನ್ಯಾಸದ ತಂತ್ರಾಂಶ ಬಳಸುವ ಹುಡುಗನ ಕೈಯಲ್ಲಿ. ಈ ವಿಮರ್ಶೆಗೆ ಅಳತೆಗೋಲಾಗಿ ವೇಲ್ಸ್‌ನವರ ಆ ಒಂದು ಶರತ್ತನ್ನೇ ಹಿಡಿದಿದೆ: ಮೊದಲು ಓದಿಗೆ ಸಿಗಬೇಕು.

ಈಗ ಹತ್ತಡಿ ಉದ್ದ, ಮೂರಡಿ ಎತ್ತರದ ಬೋರ್ಡನ್ನೇ ತೆಗೆದುಕೊಳ್ಳಿ. ಎತ್ತರ 36 ಇಂಚು, ಅದರ ಶೇ 60 ಅಂದರೆ 21.6 ಇಂಚು. ಮೇಲೆ ಎರಡು, ಕೆಳಗೆ ಎರಡು ಇಂಚು ಅಂಚು ಬಿಟ್ಟರೆ ಅಕ್ಷರಕ್ಕೆ ಉಳಿಯುವುದು 17.6. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಬಳಸಿದರೆ ಕೊಟ್ಟ ಎತ್ತರವನ್ನೆಲ್ಲ ಅಕ್ಷರವೇ ತುಂಬಿಕೊಳ್ಳುತ್ತದೆ. ಕನ್ನಡದಲ್ಲಿ ಹಾಗಾಗುವುದಿಲ್ಲ. ಮೇಲೆ ಗುಡಿಸು ಸ್ವಲ್ಪ ಏಳುತ್ತದೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ಒತ್ತು ಸಾಮಾನ್ಯವಾಗಿ ಮೂಲ ಅಕ್ಷರದ ಅರ್ಧದಷ್ಟು ಎತ್ತರ, ಗುಡಿಸಿಗೆ ಹತ್ತನೇ ಒಂದು ಪಾಲು ಎಂದಿಟ್ಟುಕೊಳ್ಳಿ. ಆಗ 17.6 ಇಂಚಿನೊಳಗೆ ಮೂಲ ಅಕ್ಷರಕ್ಕೆ ಸಿಗುವುದು 11 ಇಂಚು ಮಾತ್ರ. ಕೆಳಗಿನ 14.4 ಇಂಚಿನ ಪಟ್ಟಿಯಲ್ಲಿ ಅಷ್ಟೇ ಅಂಚು ಬಿಟ್ಟರೂ ಇಂಗ್ಲಿಷಿಗೆ 10.4 ಇಂಚಿನ ಅಕ್ಷರ ಕೂರುತ್ತದೆ. ಹನ್ನೊಂದು, ಹತ್ತೂವರೆ. ಅರವತ್ತು, ನಲವತ್ತರ ಕಾನೂನು ಅಕ್ಷರದ ಮಟ್ಟಕ್ಕೆ ಇಳಿದಾಗ ಹೆಚ್ಚುಕಡಿಮೆ ಸಮಸಮ. ಅದರ ಮೇಲೆ ಇಂಗ್ಲಿಷ್ ಅಕ್ಷರ ದಪ್ಪವಾಗಿ, ಕನ್ನಡ ತೆಳ್ಳಗೆ ಇದ್ದುಬಿಟ್ಟರೆ ಯಾವುದು ಗೆಲ್ಲುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಕೆಲಸ ಬಲ್ಲವರು ಈ ಗಂಟನ್ನು ಮೂರು ಕಡೆಯಿಂದ ಬಿಡಿಸುತ್ತಾರೆ. ಒಂದು, ಒತ್ತುಗಳನ್ನು ಆದಷ್ಟು ಪಕ್ಕಕ್ಕೆ, ಬಲಗಡೆಯ ಖಾಲಿ ಜಾಗಕ್ಕೆ ಸರಿಸಿ ಕೂರಿಸುವುದು. ಕೈಬರಹದ ಹಳೆಯ ಕಲಾವಿದರು ಇದನ್ನು ಸಲೀಸಾಗಿ ಮಾಡುತ್ತಿದ್ದರು. ಎರಡು, ಇಂಗ್ಲಿಷ್ ಸಾಲನ್ನು ಸಣ್ಣಕ್ಷರದಲ್ಲಿ, ಕಡಿಮೆ ದಪ್ಪದಲ್ಲಿ ಬರೆಯುವುದು. ಮೂರನೆಯದು ಪದಗಳ ಆಯ್ಕೆ. "ಕಾವೇರಿ ಪ್ರಾವಿಷನ್ ಸ್ಟೋರ್ಸ್" ಎಂದು ಬರೆಸಿದರೆ ಪ್ರಾ, ಸ್ಟೋ ಎರಡರಲ್ಲೂ ಒತ್ತು ಕೆಳಗಿಳಿದು ಇಡೀ ಸಾಲನ್ನು 11 ಇಂಚಿಗೆ ಕಟ್ಟಿಹಾಕುತ್ತದೆ. "ಕಾವೇರಿ ದಿನಸಿ" ಎಂದರೆ ಒಂದೇ ಒಂದು ಒತ್ತಿಲ್ಲ. ಅದೇ ಜಾಗದಲ್ಲಿ 16 ಇಂಚಿನ ಅಕ್ಷರ ಕೂರುತ್ತದೆ, ಅಡ್ಡಳತೆಯಲ್ಲೂ ಹತ್ತಡಿಯೊಳಗೆ ಮುಗಿಯುತ್ತದೆ. ಜವಳಿ ಅಂಗಡಿ, ಔಷಧಿ ಅಂಗಡಿ ಇವೂ ಹಾಗೇ, ಕೆಳಗೆ ಇಳಿಯುವ ಒತ್ತೇ ಇಲ್ಲ. ಭಾಷಾಭಿಮಾನದ ಮಾತು ಬಿಡಿ, ಇಂಚಿನ ಲೆಕ್ಕದಲ್ಲೇ ಇದು ಲಾಭ. ಆದರೂ ಈ ಸಲಹೆಯನ್ನು ಗಿರಾಕಿಗೆ ತಾವಾಗಿ ಕೊಡುವ ಬೋರ್ಡ್ ಅಂಗಡಿಗಳು ವಿರಳ. ಪರವಾನಗಿಯಲ್ಲಿರುವ ಹೆಸರನ್ನೇ ಹಾಕಬೇಕಲ್ಲ ಎನ್ನುತ್ತಾರೆ. ಹೆಸರು ಹಾಗೇ ಇರಲಿ, ವಿವರಣೆಯ ಸಾಲನ್ನು ಬೇರೆ ಮಾಡಿ ಚಿಕ್ಕದಾಗಿ ಕೆಳಗಿಡಬಹುದು ಎಂದು ಹೇಳುವವರು ಸಿಕ್ಕರೆ ಅವರಿಗೇ ಕೆಲಸ ಕೊಡಿ.

ಫಾಂಟ್ ವಿಷಯದಲ್ಲಿ ಎರಡೂ ಊರಿನ ಕೆಲಸಕ್ಕೆ ಹತ್ತಕ್ಕೆ ನಾಲ್ಕು ಕೊಟ್ಟರೆ ಹೆಚ್ಚು. ಹೊರಗಿನಿಂದ ಬಂದ ಸರಣಿ ಮಳಿಗೆಗಳ ಬೋರ್ಡ್ ನೋಡಿ. ಇಂಗ್ಲಿಷ್ ಹೆಸರು ಅವರ ಲೋಗೊದ ದಪ್ಪ, ದುಂಡು, ಬಣ್ಣದ ಅಕ್ಷರದಲ್ಲಿ. ಕನ್ನಡ ಮಾತ್ರ ವಿಂಡೋಸ್‌ನೊಂದಿಗೆ ಪುಕ್ಕಟೆ ಬರುವ ತುಂಗಾದಲ್ಲಿ. ತುಂಗಾ ಕಂಪ್ಯೂಟರ್ ಪರದೆಗೆಂದು ಮಾಡಿದ ತೆಳು ಅಕ್ಷರ, ಅದನ್ನು ಒಂದಡಿಗೆ ಹಿಗ್ಗಿಸಿದರೆ ಸೊರಗಿದ ಬಳ್ಳಿಯ ಹಾಗೆ ಕಾಣುತ್ತದೆ. ಇನ್ನು ಕೆಲವರು ಎತ್ತರ ಸಾಲದೆಂದು ಕನ್ನಡವನ್ನು ಅಡ್ಡಕ್ಕೆ ಎಳೆಯುತ್ತಾರೆ. ಆಗ ನಿಂತ ಗೆರೆಗಳು ದಪ್ಪವಾಗಿ, ಮಲಗಿದ ಗೆರೆಗಳು ತೆಳ್ಳಗೇ ಉಳಿದು ಅಕ್ಷರದ ಮೈಕಟ್ಟೇ ಹೋಗುತ್ತದೆ. ಇದಕ್ಕೆಲ್ಲ ಈಗ ಬಡತನವೇನಿಲ್ಲ. ಅನೇಕ್ ಕನ್ನಡ ಎಂಬ ಉಚಿತ ಫಾಂಟ್‌ನಲ್ಲಿ ದಪ್ಪ ಮತ್ತು ಅಗಲ ಎರಡನ್ನೂ ಬೇಕಾದಷ್ಟಕ್ಕೆ ಹೊಂದಿಸಬಹುದು, ಎಳೆಯಬೇಕಿಲ್ಲ. ಬಾಲೂ ತಮ್ಮ ದಪ್ಪಗೆ, ದುಂಡಗೆ ಇದ್ದು ಹೋಟೆಲ್, ಬೇಕರಿಗಳಿಗೆ ಹೊಂದುತ್ತದೆ. ನೋಟೋ ಸಾನ್ಸ್ ಕನ್ನಡದಲ್ಲಿ ತೆಳುವಿನಿಂದ ಕಡು ದಪ್ಪದವರೆಗೆ ಹಲವು ತೂಕಗಳಿವೆ, ಆಸ್ಪತ್ರೆ, ಕಚೇರಿಗೆ ಸಾಕು. ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ, ವ್ಯಾಪಾರದ ಬಳಕೆಗೂ ಕಾಸಿಲ್ಲ. ಡಿಸೈನ್ ಹುಡುಗನಿಗೆ ಫಾಂಟಿನ ಹೆಸರು ಹೇಳಿಬಿಟ್ಟರೆ ಐದು ನಿಮಿಷದ ಕೆಲಸ. ಹೇಳದಿದ್ದರೆ ಅವನ ಯಂತ್ರದಲ್ಲಿ ಏನಿದೆಯೋ ಅದೇ ನಿಮ್ಮ ಅಂಗಡಿಯ ಮುಖ.

ತಂತ್ರಾಂಶದ ಕಾಟ ಬೇರೆ. ಎಷ್ಟೋ ವರ್ಕ್‌ಶಾಪ್‌ಗಳು ಇವತ್ತಿಗೂ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲೇ ಕೆಲಸ ಮಾಡುತ್ತವೆ. ಕಾರಣವಿದೆ: ಕೋರೆಲ್‌ಡ್ರಾದ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡದ ಒತ್ತು ಸರಿಯಾಗಿ ಕೂರುವುದಿಲ್ಲ. ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಹೆಸರು ಯೂನಿಕೋಡ್, ಅಂಗಡಿಯ ಫಾಂಟ್ ಹಳೆಯದು. ಎರಡೂ ಸೇರುವುದಿಲ್ಲವಾದ್ದರಿಂದ ಅವರು ಕೈಯಿಂದ ಮತ್ತೆ ಟೈಪ್ ಮಾಡುತ್ತಾರೆ, ತಪ್ಪು ನುಸುಳುವುದು ಅಲ್ಲೇ. ಹಳೆಯ ಫಾಂಟಿನ ಕಡತವನ್ನು ಕಟಿಂಗ್ ಮಾಡುವ ಇನ್ನೊಂದು ಯಂತ್ರಕ್ಕೆ ಹಾಗೇ ಕಳಿಸಿದರೆ, ಅಲ್ಲಿ ಫಾಂಟ್ ಇಲ್ಲದಿದ್ದರೆ, ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಕಳಿಸುವ ಮುನ್ನ ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿದರೆ ಈ ರಗಳೆ ಇರುವುದಿಲ್ಲ. ಇಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಶಿಫ್ಟ್ ಓ. ಫೋಟೋಶಾಪ್, ಇಲಸ್ಟ್ರೇಟರ್‌ನಲ್ಲಿ ಒತ್ತು ಒಡೆದು ಅರ್ಧಾಕ್ಷರವಾಗಿ ಕಾಣುತ್ತಿದ್ದರೆ ಫಾಂಟ್ ಕೆಟ್ಟಿದೆ ಎಂದಲ್ಲ. ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಎಂಬ ಆಯ್ಕೆ ಹಾಕಿಲ್ಲ ಎಂದರ್ಥ. ಹಳೆಯ ಆವೃತ್ತಿಯಲ್ಲಿ ಅದೇ ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್ ಎಂಬ ಹೆಸರಿನಲ್ಲಿ ಇರುತ್ತದೆ.

ಪ್ರೂಫ್ ನೋಡುವಾಗ ಕಣ್ಣಿಡಬೇಕಾದ ಜಾಗಗಳು ಇವೇ. ಹಾರ್ಡ್‌ವೇರ್ ಎಂಬಲ್ಲಿ ಡ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಬಿಡುಗುರುತು ಹಾಕಬೇಕು. ಹಾಕದಿದ್ದರೆ ಅದು ಹಾರ್ಡ್ವೇರ್ ಆಗಿ, ಡ ಕೆಳಗೆ ವ ಒತ್ತು ನೇತಾಡುತ್ತದೆ. ಸಾಫ್ಟ್‌ವೇರ್, ಫಾಸ್ಟ್‌ಫುಡ್, ಬುಕ್‌ಹೌಸ್ ಎಲ್ಲಕ್ಕೂ ಇದೇ ಕಥೆ. ಎಲೆಕ್ಟ್ರಿಕಲ್ಸ್‌ನ ಕ್ಟ್ರಿ ನೋಡಿ: ಗುಡಿಸಿನ ಕಿ, ಅದಕ್ಕೆ ಟ ಒತ್ತು, ಅದರ ಜೊತೆಗೆ ರ ಒತ್ತು. ಎರಡು ಒತ್ತು ಒಂದರ ಮೇಲೊಂದು ಬಿದ್ದರೆ ದೂರಕ್ಕೆ ಒಂದು ಕಪ್ಪು ಮುದ್ದೆ ಅಷ್ಟೆ. ಸ್ಟೋರ್ಸ್, ಟ್ರೇಡರ್ಸ್‌ಗಳಲ್ಲಿ ಅರ್ಕಾವತ್ತು ಸ ಅಕ್ಷರದ ಬಲಕ್ಕೆ ಬಂದಿದೆಯೇ, ಇಲ್ಲವೇ ಜಾಗ ಸಾಲದೆಂದು ಯಾರಾದರೂ ಅಳಿಸಿಬಿಟ್ಟಿದ್ದಾರೆಯೇ ನೋಡಿ. ಶ್ರೀ ಎಂಬ ಒಂದೇ ಅಕ್ಷರ ಸಾಕು ವರ್ಕ್‌ಶಾಪಿನ ಯೋಗ್ಯತೆ ಅಳೆಯಲು. ಅದರಲ್ಲಿ ಗುಡಿಸು, ದೀರ್ಘ, ಒತ್ತು ಮೂರೂ ಇವೆ, ಇಲ್ಲಿನ ಅರ್ಧ ಬೋರ್ಡ್‌ಗಳು ಶುರುವಾಗುವುದೂ ಅದರಿಂದಲೇ.

ಅಕ್ಷರದ ಈ ಗೋಳು ಕನ್ನಡಕ್ಕೆ ಮಾತ್ರ ಅಂಟಿದ್ದೂ ಅಲ್ಲ. ವೆಲ್ಷ್ ಬರೆಯುವುದು ಇಂಗ್ಲಿಷಿನ ಲಿಪಿಯಲ್ಲೇ ಆದರೂ ಡಬ್ಲ್ಯು, ವೈ ಅಕ್ಷರಗಳ ತಲೆಯ ಮೇಲೆ ಪುಟ್ಟ ಚಾವಣಿಯಂಥ ಗುರುತು ಬರುತ್ತದೆ. ಪಶ್ಚಿಮ ಯುರೋಪಿಗೆಂದು ಮಾಡಿದ ಹಳೆಯ ಅಕ್ಷರಪಟ್ಟಿಯಲ್ಲಿ ಆ ಎರಡಕ್ಕೂ ಜಾಗವಿರಲಿಲ್ಲ, ಹಾಗಾಗಿ ಅಲ್ಲೂ ಫಾಂಟ್ ಹುಡುಕುವ ಪಾಡು ಇತ್ತು. ಇನ್ನು ಪ್ರೂಫ್ ನೋಡದೆ ಬೋರ್ಡ್ ಏರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಸ್ವಾನ್ಸೀ ನಗರದ 2008ರ ಫಲಕಕ್ಕಿಂತ ದೊಡ್ಡ ಉದಾಹರಣೆ ಬೇಡ. ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಇಂಗ್ಲಿಷ್ ಸಾಲನ್ನು ಅನುವಾದಕ್ಕೆ ಇಮೇಲ್ ಮಾಡಿದರು. ಅನುವಾದಕರು ಕಚೇರಿಯಲ್ಲಿರಲಿಲ್ಲ. ವೆಲ್ಷ್‌ನಲ್ಲಿ ತಾನಾಗಿ ಬಂದ ಉತ್ತರವನ್ನೇ ಅನುವಾದ ಎಂದುಕೊಂಡು ಮುದ್ರಿಸಿ ರಸ್ತೆಯಲ್ಲಿ ನೆಟ್ಟರು. ಸದ್ಯ ನಾನು ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳಿಸಿ ಎಂದು ಫಲಕ ಲಾರಿಯವರಿಗೆ ಹೇಳುತ್ತಾ ನಿಂತಿತ್ತು. ಕಟಿಂಗ್, ಅಂಟು, ಫಿಟ್ಟಿಂಗ್ ಈ ಮೂರೂ ಹಂತದಲ್ಲಿ ಭಾಷೆ ಬಾರದವರ ಕೈಯೇ ಇದ್ದರೆ ಹೀಗಾಗುತ್ತದೆ. ಮೈಸೂರಿನಲ್ಲೂ ಫಿಟ್ಟಿಂಗ್ ಹುಡುಗರಲ್ಲಿ ಅನೇಕರು ಹೊರರಾಜ್ಯದವರು. ಅವರದೇನೂ ತಪ್ಪಿಲ್ಲ, ಅವರ ಕೈಗೆ ಸರಿಯಾದ ನಕ್ಷೆ ಕೊಡದವರದ್ದು ತಪ್ಪು.

ವೇಲ್ಸ್ ಸರ್ಕಾರ ಸಣ್ಣ ವ್ಯಾಪಾರಿಗಳಿಗೆಂದೇ ಹೆಲೊ ಬ್ಲಾಡ್ ಎಂಬ ಉಚಿತ ಸೇವೆ ಶುರುಮಾಡಿತು. ಅಂಗಡಿಯ ಬೋರ್ಡು, ಮೆನು, ಚೀಟಿಗಳ ಚಿಕ್ಕ ಬರಹವನ್ನು ಕಳಿಸಿದರೆ ವೆಲ್ಷ್‌ಗೆ ಅನುವಾದಿಸಿ, ಸಲಹೆಯನ್ನೂ ಕೊಡುವ ಏರ್ಪಾಡು. ದಂಡದ ಬೆದರಿಕೆಗಿಂತ ಇಂಥದ್ದರಿಂದ ಹೆಚ್ಚು ಕೆಲಸವಾಗುತ್ತದೆ ಎಂಬುದು ಬೋರ್ಡ್ ವ್ಯವಹಾರ ಬಲ್ಲ ಯಾರಿಗೂ ಗೊತ್ತು. 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಮೈಸೂರಿನಲ್ಲೇ ಇದೆ, ಮಾನಸಗಂಗೋತ್ರಿಯಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಇಷ್ಟು ಪಂಡಿತರಿರುವ ಊರಿನಲ್ಲಿ ಅಂಗಡಿಯವನೊಬ್ಬ ತನ್ನ ಬೋರ್ಡಿನ ನಾಲ್ಕು ಪದ ತೋರಿಸಿ ಸರಿಯೇ ಎಂದು ಕೇಳಲು ಒಂದು ವಾಟ್ಸ್ಆ್ಯಪ್ ನಂಬರ್ ಇರಬೇಕಿತ್ತು. ಅಲ್ಲಿಯವರೆಗೆ ಪಕ್ಕದ ಬೀದಿಯ ಕನ್ನಡ ಮೇಷ್ಟ್ರೇ ಗತಿ. ಅವರಿಗೆ ತೋರಿಸಿ, ಪ್ರಿಂಟ್ ತೆಗೆದು, ಅದರ ಮೇಲೆ ನಿಮ್ಮ ಸಹಿ ಹಾಕಿಯೇ ಕೆಲಸಕ್ಕೆ ಕೊಡಿ.

ಇನ್ನು ಸಾಮಗ್ರಿ. ಫ್ಲೆಕ್ಸ್ ಬಗ್ಗೆ ಹೆಚ್ಚು ಮಾತು ಬೇಡ. ರಾಜ್ಯದಲ್ಲಿ 2016ರ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲೇ ಫ್ಲೆಕ್ಸ್ ಇದೆ. ಅಗ್ಗವೆಂದು ಹಾಕಿಸಿದರೂ ಬಿಸಿಲಿಗೆ ಮೊದಲು ಕೆಂಪು, ಹಳದಿ ಮಾಸುತ್ತವೆ. ನಮ್ಮ ಬೋರ್ಡ್‌ಗಳ ಮೆಚ್ಚಿನ ಬಣ್ಣ ಎರಡೂ ಅವೇ ಆದ್ದರಿಂದ ಕನ್ನಡದ ಸಾಲೇ ಮೊದಲು ಮಂಕಾಗುವುದು.

ಕೈಬರಹದ ಬೋರ್ಡಿಗೆ ಈಗಲೂ ಅಕ್ಷರದ ವಿಷಯದಲ್ಲಿ ಹತ್ತಕ್ಕೆ ಒಂಬತ್ತು. ದೇವರಾಜ ಮಾರುಕಟ್ಟೆ ಸುತ್ತಿನ ಹಳೆಯ ಅಂಗಡಿಗಳಲ್ಲಿ ಉಳಿದಿರುವ ಕೆಲವನ್ನು ನೋಡಿದರೆ ಸಾಕು, ಒತ್ತನ್ನು ಎಲ್ಲಿ ಕೂರಿಸಬೇಕು ಎಂಬುದು ತಿಳಿಯುತ್ತದೆ. ಬರೆಯುವವರು ಕಡಿಮೆಯಾಗಿದ್ದಾರೆ, ಸಿಕ್ಕವರು ಬಿಡುವು ನೋಡಿ ಬರುತ್ತಾರೆ. ತಗಡಿನ ಮೇಲೆ ಬರೆಸುವುದಾದರೆ ಒಂದು ಎಚ್ಚರ: ಹೊಸ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡಿಗೆ ನೇರವಾಗಿ ಎನಾಮೆಲ್ ಬಳಿದರೆ ಸತುವಿನ ಜೊತೆ ಬಣ್ಣದ ಎಣ್ಣೆ ಸೇರಿ ಸಾಬೂನಿನಂಥ ಪದರ ಕಟ್ಟುತ್ತದೆ, ಆಮೇಲೆ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಜಿಐಗೆಂದೇ ಇರುವ ಪ್ರೈಮರ್ ಮೊದಲು ಬೇಕು. ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಸರಿ, ಜಿಐಗೆ ಅಲ್ಲ. ಪ್ರೈಮರ್ ಮೇಲೆ ಎರಡು ಕೋಟ್ ಹಿನ್ನೆಲೆ ಬಣ್ಣ, ನಡುವೆ ಒಂದು ರಾತ್ರಿ ಒಣಗಲು ಬಿಟ್ಟು, ಆಮೇಲೆ ಸೀಮೆಸುಣ್ಣದ ದಾರದಲ್ಲಿ ಗೆರೆ ಹೊಡೆದು ಬರೆಯಬೇಕು. ಅರ್ಜೆಂಟು ಮಾಡಿದರೆ ಕೆಳಗಿನ ಬಣ್ಣ ಸುಕ್ಕಾಗುತ್ತದೆ.

ಹೆಚ್ಚಿನವರು ಈಗ ಆಯ್ದುಕೊಳ್ಳುವುದು ಎಸಿಪಿ (ಅಲ್ಯುಮಿನಿಯಂ ಪದರದ) ಹಾಳೆ, ಅದರ ಮೇಲೆ ಅಕ್ರಿಲಿಕ್ ಅಕ್ಷರ, ಒಳಗೆ ಎಲ್‌ಇಡಿ. ಎಸಿಪಿ ಹಾಳೆ ಸಾಮಾನ್ಯವಾಗಿ ಎಂಟಡಿಗೆ ನಾಲ್ಕಡಿ. ಹತ್ತಡಿ ಬೋರ್ಡಿಗೆ ಎಲ್ಲೋ ಒಂದು ಕಡೆ ಜೋಡಣೆ ಬಂದೇ ಬರುತ್ತದೆ. ಅದು ಅಕ್ಷರದ ನಡುವೆ ಬೀಳದಂತೆ, ಎರಡು ಪದಗಳ ಸಂದಿಗೆ ಬರುವಂತೆ ಮೊದಲೇ ಗುರುತು ಮಾಡಿಸಿ. ಚೌಕಟ್ಟಿನ ಪೈಪು ಆ ಜೋಡಣೆಯ ಹಿಂದೆ ಹಾದುಹೋಗಬೇಕು, ಇಲ್ಲದಿದ್ದರೆ ಗಾಳಿಗೆ ಹಾಳೆಯ ಅಂಚು ಮೇಲೇಳುತ್ತದೆ.

ದೊಡ್ಡ ಎಡವಟ್ಟು ಕತ್ತಲಾದ ಮೇಲೆ ಕಾಣುವುದು. ಸಂಜೆ ಏಳರ ಮೇಲೆ ದೇವರಾಜ ಅರಸು ರಸ್ತೆಯಲ್ಲೋ ಮಂಡ್ಯದ ವಿ.ವಿ. ರಸ್ತೆಯಲ್ಲೋ ನಡೆಯುತ್ತಾ ಬೋರ್ಡ್ ಓದಿಕೊಂಡು ಹೋಗಿ. ಅಮ್ಮ ಎಂದಿರುವುದು ಅಮ ಎಂದು, ಅಣ್ಣ ಎಂದಿರುವುದು ಅಣ ಎಂದು ಬೆಳಗುವುದು ಕಾಣಿಸುತ್ತದೆ. ಬಲ್ಬು ಸುಟ್ಟಿದ್ದಲ್ಲ, ಒತ್ತಿನೊಳಗೆ ಬಲ್ಬೇ ಇಟ್ಟಿಲ್ಲ. ಕಾರಣ ಸರಳ. 11 ಇಂಚಿನ ಅಕ್ಷರಕ್ಕೆ ಗೆರೆಯ ಅಗಲ ಸುಮಾರು 35 ಮಿಲಿಮೀಟರ್ ಇದ್ದರೆ ಅರ್ಧ ಅಳತೆಯ ಒತ್ತಿಗೆ ಗೆರೆ 17 ಮಿಲಿಮೀಟರ್. ಎರಡೂ ಬದಿಯ ಗೋಡೆ ಕಳೆದರೆ ಒಳಗೆ ಹನ್ನೆರಡು, ಹದಿಮೂರು. ಸಾಮಾನ್ಯ ಎಲ್‌ಇಡಿ ಮಾಡ್ಯೂಲಿನ, ಅಂದರೆ ಅಕ್ಷರದೊಳಗೆ ಅಂಟಿಸುವ ಪುಟ್ಟ ದೀಪದ ತುಂಡಿನ, ಅಗಲವೇ 15 ಮಿಲಿಮೀಟರ್ ಆಸುಪಾಸು. ಹಿಡಿಸುವುದಿಲ್ಲ, ಬಿಟ್ಟುಬಿಡುತ್ತಾರೆ. ಇಂಗ್ಲಿಷ್ ಸಾಲಿನಲ್ಲಿ ಈ ತೊಂದರೆ ಇಲ್ಲವಾದ್ದರಿಂದ ರಾತ್ರಿ ಹೊತ್ತು ಪೂರ್ತಿ ಓದಿಗೆ ಸಿಗುವುದು ಇಂಗ್ಲಿಷೇ, ಶೇ 60ರ ಕಾಯ್ದೆ ಬೆಳಗಿನ ಹೊತ್ತಿಗೆ ಮಾತ್ರ ಎಂಬಂತೆ. ಪರಿಹಾರವಿದೆ: ಒತ್ತುಗಳಿಗೆ ಮಾಡ್ಯೂಲ್ ಬದಲು 8 ಮಿಲಿಮೀಟರ್ ಅಗಲದ ಎಲ್‌ಇಡಿ ಸ್ಟ್ರಿಪ್ ಹಾಕಿಸಬೇಕು. ಇಲ್ಲವೇ ಒತ್ತನ್ನು ಮೂಲ ಅಕ್ಷರದ ಅರ್ಧಕ್ಕೆ ಬದಲು ಮೂರನೇ ಎರಡರಷ್ಟು ದೊಡ್ಡದು ಮಾಡಿ ಪಕ್ಕಕ್ಕೆ ಸರಿಸಬೇಕು. ಸ್ಟ್ರಿಪ್ ಮತ್ತು ಮಾಡ್ಯೂಲಿನ ಬೆಳಕಿನ ಬಣ್ಣ ಒಂದೇ ಇದೆಯೇ ಎಂದು ಹಚ್ಚಿ ನೋಡಿ. ಒಂದು ನೀಲಿ ಮಿಶ್ರಿತ ಬಿಳಿ, ಇನ್ನೊಂದು ಹಳದಿ ಮಿಶ್ರಿತ ಬಿಳಿ ಆದರೆ ಒತ್ತು ಬೇರೆ ಪದದ್ದೆಂಬಂತೆ ಕಾಣುತ್ತದೆ.

ವಿದ್ಯುತ್ ಲೆಕ್ಕವನ್ನೂ ಕೇಳಿ. 12 ವೋಲ್ಟ್, 10 ಆಂಪಿಯರ್‌ನ ಎಸ್‌ಎಂಪಿಎಸ್ (ಎಲ್‌ಇಡಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಅಂದರೆ 120 ವ್ಯಾಟ್. ಅದರ ಮೇಲೆ ಶೇ 80ಕ್ಕಿಂತ, ಅಂದರೆ 96 ವ್ಯಾಟ್‌ಗಿಂತ ಹೆಚ್ಚು ಹೊರೆ ಹಾಕಬಾರದು. ಒಂದು ಮಾಡ್ಯೂಲ್ ಒಂದು ವ್ಯಾಟ್ ಎಂದರೆ 96 ಮಾಡ್ಯೂಲ್‌ಗೆ ಒಂದು ಎಸ್‌ಎಂಪಿಎಸ್. ಖರ್ಚು ಉಳಿಸಲು ಒಂದಕ್ಕೇ ಎಲ್ಲವನ್ನೂ ಕಟ್ಟಿದರೆ ತಂತಿಯ ಕೊನೆಯ ಅಕ್ಷರಗಳು ಮಂಕು, ಕೆಲವು ತಿಂಗಳಿಗೆ ಪೆಟ್ಟಿಗೆಯೇ ಸುಟ್ಟು ಇಡೀ ಬೋರ್ಡು ಕತ್ತಲು. ಎಸ್‌ಎಂಪಿಎಸ್ ಶಟರಿನ ಒಳಗಡೆ ಇರಲಿ. ಅಕ್ಷರಗಳ ತಳದಲ್ಲಿ ಮಳೆನೀರು ಇಳಿಯಲು ನಾಲ್ಕೈದು ಮಿಲಿಮೀಟರಿನ ತೂತು ಬೇಕು. ಕನ್ನಡ ಅಕ್ಷರಗಳ ತಳ ದುಂಡಗಿರುವುದರಿಂದ ನೀರು ನಿಲ್ಲುವ ಜಾಗ ಒಂದೇ, ತೂತು ಅಲ್ಲೇ ಬರಬೇಕು. ಒತ್ತು ಬೇರೆ ತುಂಡಾದ್ದರಿಂದ ಅದಕ್ಕೆ ಬೇರೆ ತೂತು. ಇದನ್ನು ಮರೆಯದವರು ಕಡಿಮೆ.

ಫಿಟ್ಟಿಂಗ್ ದಿನಕ್ಕೆ ಒಂದೇ ಒಂದು ಷರತ್ತು: ಇಡೀ ಬರಹದ ನಿಜ ಅಳತೆಯ ಕಾಗದದ ನಕ್ಷೆ. ಅದನ್ನು ಎಸಿಪಿ ಮೇಲೆ ಅಂಟಿಸಿ, ಅದರ ಮೂಲಕವೇ ತೂತು ಕೊರೆದು ಅಕ್ಷರ ಕೂರಿಸಬೇಕು. ಕನ್ನಡದ ಒಂದು ಸಾಲಿನಲ್ಲಿ ಒತ್ತು, ಸೊನ್ನೆ, ದೀರ್ಘ, ಅರ್ಕಾವತ್ತು ಎಂದು ಬಿಡಿಬಿಡಿ ತುಂಡುಗಳು ಬಹಳ. ನಕ್ಷೆ ಇಲ್ಲದೆ ಕಣ್ಣಳತೆಯಲ್ಲಿ ಹಚ್ಚಿದರೆ ಒತ್ತು ಪಕ್ಕದ ಅಕ್ಷರಕ್ಕೆ ಹೋಗುತ್ತದೆ, ಅರ್ಕಾವತ್ತು ತಲೆಕೆಳಗಾಗುತ್ತದೆ. ಸಿಲಿಕೋನ್ ಒಣಗಿದ ಮೇಲೆ ಕೀಳಲು ಹೋದರೆ ಎಸಿಪಿಯ ಬಣ್ಣದ ಪದರವೂ ಜೊತೆಗೆ ಬರುತ್ತದೆ.

ಎರಡು ಊರುಗಳನ್ನು ಹೋಲಿಸಿದರೆ ಯಂತ್ರ, ಸಾಮಗ್ರಿ, ಲೈಟಿಂಗ್ ಕೆಲಸದಲ್ಲಿ ಮೈಸೂರು ಮುಂದೆ. ಲೇಸರ್, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರದ) ಕಟಿಂಗ್ ಊರಲ್ಲೇ ಆಗುತ್ತದೆ. ಮಂಡ್ಯದಲ್ಲಿ ಅಂಗಡಿಗಳು ಕಡಿಮೆ, ದೊಡ್ಡ ಎಲ್‌ಇಡಿ ಕೆಲಸಕ್ಕೆ ಮೈಸೂರು ಅಥವಾ ಬೆಂಗಳೂರಿಗೆ ಓಡಬೇಕಾಗುತ್ತದೆ. ಆದರೆ ಬರಹದ ಮಟ್ಟಿಗೆ ಮಂಡ್ಯಕ್ಕೇ ಒಂದು ಅಂಕ ಹೆಚ್ಚು. ಅಲ್ಲಿ ಗಿರಾಕಿ, ಡಿಸೈನರ್, ಫಿಟ್ಟರ್ ಮೂವರೂ ಕನ್ನಡ ಓದುವವರೇ ಆಗಿರುವ ಸಂಭವ ಜಾಸ್ತಿ, ತಪ್ಪು ಗೋಡೆ ಏರುವ ಮೊದಲೇ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ. 2024ರ ಡಿಸೆಂಬರ್‌ನಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದ ಊರು, ಅಷ್ಟಾದರೂ ಇರದಿದ್ದರೆ ಹೇಗೆ. ಮೈಸೂರಿನಲ್ಲಿ ಗಣೇಶನ ಹಬ್ಬದಿಂದ ದಸರಾ ಮುಗಿಯುವವರೆಗೆ ಹೊಸ ಬೋರ್ಡಿನ ಕೆಲಸ ಕೊಡಬೇಡಿ. ಹಬ್ಬದ ಬ್ಯಾನರ್, ದೀಪಾಲಂಕಾರದ ನಡುವೆ ನಿಮ್ಮ ಅಕ್ಷರ ಯಾರ ಕೈಗೋ ಹೋಗುತ್ತದೆ. ನವೆಂಬರ್ ಮೊದಲ ವಾರವೂ ಅಷ್ಟೆ.

ಕೊಟೇಷನ್ ಓದುವಾಗ ಎಸಿಪಿಗೆ ಚದರಡಿ ದರ, ಅಕ್ಷರಕ್ಕೆ ಇಂಚಿನ ದರ ಎಂದು ಬೇರೆ ಬೇರೆ ಇರುತ್ತದೆ. ಒತ್ತನ್ನು ಪ್ರತ್ಯೇಕ ಅಕ್ಷರವಾಗಿ ಎಣಿಸುತ್ತಾರೋ, ಮೂಲ ಅಕ್ಷರದ ಜೊತೆಗೋ ಎಂದು ಮೊದಲೇ ಬರೆಸಿಕೊಳ್ಳಿ. ಎಲೆಕ್ಟ್ರಿಕಲ್ಸ್‌ನಂಥ ಪದಕ್ಕೆ ಈ ಎಣಿಕೆಯಲ್ಲೇ ಬಿಲ್ಲು ಏರುಪೇರಾಗುತ್ತದೆ. ಅಕ್ಷರದ ಎತ್ತರ ಎಂದರೆ ಮೂಲ ಅಕ್ಷರದ್ದೋ, ಗುಡಿಸಿನಿಂದ ಒತ್ತಿನ ತುದಿಯವರೆಗಿನದೋ ಎಂಬುದೂ ಕಾಗದದ ಮೇಲಿರಲಿ. ಮೊದಲಿನ ಲೆಕ್ಕದಲ್ಲಿ 11 ಇಂಚು, ಎರಡನೆಯದರಲ್ಲಿ ಅದೇ ಅಕ್ಷರ ಹದಿನೇಳೂವರೆ ಇಂಚು. ಗೆರೆಗಳಾಗಿ ಬದಲಿಸಿದ ಕಡತ ಮತ್ತು ಟೈಪ್ ಮಾಡಿದ ಮೂಲ ಕಡತ ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ನಾಳೆ ಒಂದು ಒತ್ತು ಉದುರಿದರೆ ಅದೊಂದನ್ನೇ ಕಟ್ ಮಾಡಿಸಲು ಬೇಕಾಗುತ್ತದೆ. ಕೊನೆಯ ಕಂತನ್ನು ಹಗಲಲ್ಲಿ ಕೊಡಬೇಡಿ. ಕತ್ತಲಾಗಲಿ, ಸ್ವಿಚ್ ಹಾಕಿಸಿ, ಎದುರು ಫುಟ್‌ಪಾತಿನಲ್ಲಿ ನಿಂತು ಒಂದೊಂದು ಒತ್ತೂ ಬೆಳಗುತ್ತಿದೆಯೇ ನೋಡಿಕೊಂಡು ಕೊಡಿ.